ಗಾಡಿ ಇಲ್ಲದವರೂ ತೆರುವ ಡೀಸೆಲ್ ಬೆಲೆ



‘ನನಗೆ ಗಾಡಿಯೇ ಇಲ್ಲ, ಡೀಸೆಲ್ ಏರಿದರೆ ನನಗೇನು?’ ಎಂದು ಈಗ ಪ್ರಸಾದದ ಸಾಲಿನಲ್ಲಿ ಹಿರಿಯರೊಬ್ಬರು ಕೇಳಿದರು. ಅವರ ತಟ್ಟೆಯಲ್ಲಿದ್ದ ಅಕ್ಕಿ, ಬೇಳೆ ಲಾರಿಯಲ್ಲೇ ಬಂದವು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ನಾನು ರಸ್ತೆ ಕಾಮಗಾರಿಯ ಕಿರಿಯ ಎಂಜಿನಿಯರ್. ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇಂಧನ ದರ ಏರಿಸಿತು. ರೋಲರ್‌ಗೂ ಜಲ್ಲಿ ಲಾರಿಗೂ ಡೀಸೆಲ್ಲೇ ಬೇಕು. ಡಾಂಬರು ಕೂಡ ಕಚ್ಚಾತೈಲದಿಂದಲೇ ಬರುವುದು. ನನ್ನ ಎಸ್ಟಿಮೇಟು ಕೈಯಲ್ಲಿದ್ದಂತೆಯೇ ಹಳತಾಯಿತು. ಮಂಜೂರಾದ ಹಣ ಅಷ್ಟೇ, ಆದ್ದರಿಂದ ರಸ್ತೆಯ ಉದ್ದ ಕಡಿಮೆ ಮಾಡಿದೆವು. ತುದಿಯ ಊರಿಗೆ ಡಾಂಬರು ಮುಟ್ಟಲಿಲ್ಲ. ಆ ಊರಲ್ಲಿ ಒಂದು ಕಾರೂ ಇರಲಿಲ್ಲ!

ದೇಶದ ಪಾಡೂ ಅದೇ ಆಯಿತು. ಎಣ್ಣೆಗೆ ಡಾಲರ್ ಕೊಡಬೇಕು. ಕುವೈತ್‌ನಲ್ಲಿ ದುಡಿಯುತ್ತಿದ್ದ ನಮ್ಮವರು ಬರಿಗೈಯಲ್ಲಿ ಮರಳಿದ್ದರಿಂದ ಅವರು ಕಳಿಸುತ್ತಿದ್ದ ಹಣವೂ ನಿಂತಿತು. ಹಳೆಯ ಸಾಲಗಳೂ ಇದ್ದವು, ಎಲ್ಲವನ್ನೂ ಎಣ್ಣೆಯ ಮೇಲೆ ಹೊರಿಸಲಾರೆ. 1991ರ ಮಧ್ಯದಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟಿತು. ಅದೇ ತಿಂಗಳು ರೂಪಾಯಿಯ ಬೆಲೆ ಇಳಿಸಿದರು. ರೂಪಾಯಿ ಇಳಿದರೆ ಅದೇ ಪೀಪಾಯಿ ಎಣ್ಣೆಗೆ ಇನ್ನಷ್ಟು ರೂಪಾಯಿ ಸುರಿಯಬೇಕು, ನೋಡಿ.

ಇಂದಿಗೂ ನಮಗೆ ಬೇಕಾದ ಕಚ್ಚಾತೈಲದಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಹೊರಗಿನದು. ಅದರ ಮೇಲೆ ಕೇಂದ್ರದ ಸುಂಕ, ರಾಜ್ಯದ ತೆರಿಗೆ. ಆದಾಯ ತೆರಿಗೆಯಲ್ಲಿ ಉಳ್ಳವರಿಗೊಂದು, ಇಲ್ಲದವರಿಗೊಂದು ದರವಿದೆ. ಡೀಸೆಲ್‌ನಲ್ಲಿ ಹಾಗಿಲ್ಲ: ದೊಡ್ಡ ಕಾರಿನ ಧಣಿಯೂ, ಬಾಡಿಗೆ ಟ್ರ್ಯಾಕ್ಟರಿನಲ್ಲಿ ಎರಡೆಕರೆ ಉಳಿಸುವ ರೈತನೂ ಲೀಟರಿಗೆ ತೆರುವುದು ಒಂದೇ ತೆರಿಗೆ.