ರೈಲ್ವೆ ನೌಕರಿ: ಅರ್ಹತೆಯ ಅಳತೆಗೋಲು ಯಾವುದು?



ರೈಲ್ವೆಯಲ್ಲಿ ಮಹಿಳೆಯರ ನೇಮಕ, ಬಡ್ತಿಯ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ: ‘ಹಾಗಾದರೆ ಅರ್ಹತೆಯ ಗತಿಯೇನು?’ ಪ್ರಶ್ನೆ ನ್ಯಾಯವಾದದ್ದೇ. ನೂರಾರು ಪ್ರಯಾಣಿಕರ ಜೀವ ಚಾಲಕರ ಕೈಯಲ್ಲಿರುತ್ತದೆ. ಆದರೆ ಅರ್ಹತೆಯನ್ನು ನಾವು ಪರೀಕ್ಷಿಸಿ ತಿಳಿಯುತ್ತೇವೆಯೋ, ಮೊದಲೇ ಊಹಿಸಿಕೊಂಡು ಬಿಡುತ್ತೇವೆಯೋ?

ಇದೇ ಪ್ರಶ್ನೆ ಅಮೆರಿಕದಲ್ಲಿ ಒಮ್ಮೆ ಕೋರ್ಟಿನ ಮೆಟ್ಟಿಲೇರಿತ್ತು. ಸದರ್ನ್ ಪೆಸಿಫಿಕ್ ರೈಲು ಕಂಪನಿಯ ನೌಕರರಾದ ಲಿಯಾ ರೋಸನ್‌ಫೆಲ್ಡ್ 1966ರಲ್ಲಿ ಕ್ಯಾಲಿಫೋರ್ನಿಯಾದ ಥರ್ಮಲ್ ಎಂಬ ಊರಿನ ಏಜೆಂಟ್-ಟೆಲಿಗ್ರಾಫರ್ ಹುದ್ದೆ ಕೇಳಿದರು. ಸೇವಾ ಹಿರಿತನ ಅವರದಾಗಿತ್ತು. ಹುದ್ದೆ ಸಿಕ್ಕಿದ್ದು ಅವರಿಗಿಂತ ಕಿರಿಯನಾದ ಪುರುಷನಿಗೆ. ಸುಗ್ಗಿಯ ಕಾಲದಲ್ಲಿ ದಿನಕ್ಕೆ 10 ಗಂಟೆಗೂ ಮೀರಿ ದುಡಿಯಬೇಕು, ಭಾರ ಎತ್ತಬೇಕು, ಹೆಂಗಸರಿಂದ ಆಗದು ಎಂದಿತು ಕಂಪನಿ. ಹೆಂಗಸರ ದುಡಿಮೆಗೆ ಮಿತಿ ಹಾಕಿದ್ದ ರಾಜ್ಯದ ಕಾಯ್ದೆಯನ್ನೂ ಮುಂದಿಟ್ಟಿತು. 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಕೆಲಸ ಕೇಳಿದ ವ್ಯಕ್ತಿಗೆ ಅದು ಆಗದೆಂದು ತೋರಿಸಿಕೊಟ್ಟರೆ ಮಾತ್ರ ನಿರಾಕರಿಸಬಹುದು. ಹೆಣ್ಣೆಂಬ ಕಾರಣಕ್ಕೇ ಅಲ್ಲ ಎಂಬುದು ತೀರ್ಪಿನ ಸಾರ.

ನಮ್ಮ ದೇಶದಲ್ಲಿ ಈ ಮಾತಿಗೆ ಸಾಕ್ಷಿಯಾಗಿ ನಿಂತವರು ಸಾತಾರಾದ ಸುರೇಖಾ ಯಾದವ್. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದ್ದ ಅವರು ಪರೀಕ್ಷೆಯಲ್ಲಿ ಗೆದ್ದು 1986ರಲ್ಲಿ ರೈಲ್ವೆ ಸೇರಿದರು. ಸಹಾಯಕ ಚಾಲಕಿಯಾಗಿ ಆರಂಭಿಸಿ, ಗೂಡ್ಸ್, ಲೋಕಲ್ ರೈಲುಗಳನ್ನು ನಡೆಸಿ, 2011ರ ಮಾರ್ಚ್ 8ರಂದು ಡೆಕ್ಕನ್ ಕ್ವೀನ್ ರೈಲನ್ನು ಪುಣೆಯಿಂದ ಮುಂಬೈಗೆ ತಂದರು. ಆ ದಾರಿಯ ಭೋರ್ ಘಾಟಿಯಲ್ಲಿ 37 ಅಡಿ ಸಾಗುವಷ್ಟರಲ್ಲಿ ಹಳಿ 1 ಅಡಿ ಇಳಿಯುತ್ತದೆ. ಅಲ್ಲಿ ಬ್ರೇಕಿನ ಲೆಕ್ಕ ತಪ್ಪುವಂತಿಲ್ಲ. ಇಳಿಜಾರು ಗಂಡಿಗೂ ಹೆಣ್ಣಿಗೂ ರಿಯಾಯಿತಿ ಕೊಡುವುದಿಲ್ಲ. 2023ರಲ್ಲಿ ಅವರು ವಂದೇ ಭಾರತ್ ಓಡಿಸಿದರು, 2025ರಲ್ಲಿ ನಿವೃತ್ತರಾದರು.

ಹಾಗಿದ್ದರೂ ಎಂಜಿನ್‌ನಲ್ಲಿ ಮಹಿಳೆಯರು ವಿರಳ ಏಕೆ? ಅರ್ಹತೆಗೆ ಸಂಬಂಧವೇ ಇಲ್ಲದ ಅಡ್ಡಿಗಳೂ ಇಲ್ಲಿವೆ. ಭಾರತದಲ್ಲಿ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ಎಂಜಿನ್‌ಗೆ ಶೌಚಾಲಯ ಅಳವಡಿಸಲು ತೊಡಗಿದ್ದು 2016ರಲ್ಲಿ. ಇಂದಿಗೂ ಎಲ್ಲ ಎಂಜಿನ್‌ಗಳಲ್ಲಿ ಅದಿಲ್ಲ. ಪುರುಷರಿಗೂ ಇದು ಯಾತನೆಯೇ. ಇಂಥ ಕೊರತೆಯಿಂದ ಹಿಂಜರಿದವಳನ್ನು ‘ಅನರ್ಹಳು’ ಎನ್ನಲಾದೀತೇ?

ಬಡ್ತಿಯ ಲೆಕ್ಕ ಇನ್ನೂ ದೀರ್ಘವಾದದ್ದು. 1905ರಲ್ಲಿ ಸ್ಥಾಪನೆಯಾದ ರೈಲ್ವೆ ಮಂಡಳಿಗೆ ಮೊದಲ ಮಹಿಳಾ ಅಧ್ಯಕ್ಷರಾಗಿ ಜಯಾ ವರ್ಮಾ ಸಿನ್ಹಾ ಬಂದದ್ದು 2023ರಲ್ಲಿ, ಅಂದರೆ 118 ವರ್ಷಗಳ ನಂತರ. ಮೇಲಿನ ಕುರ್ಚಿಗೆ ಬೇಕಾದ ಅನುಭವ ದಶಕಗಳ ಸೇವೆಯಿಂದ ಕೂಡುತ್ತದೆ. ಇಪ್ಪತ್ತೈದರ ವಯಸ್ಸಿನಲ್ಲಿ ಬಾಗಿಲು ಮುಚ್ಚಿ, ಅರವತ್ತರ ಹೊತ್ತಿಗೆ ‘ಅನುಭವಿ ಮಹಿಳೆಯರು ಎಲ್ಲಿ?’ ಎಂದು ಹುಡುಕಿದರೆ ಸಿಗುವುದಿಲ್ಲ.

ಪರೀಕ್ಷೆ ಕಠಿಣವಾಗಿಯೇ ಇರಲಿ. ಕಣ್ಣಿನ ದೃಷ್ಟಿ, ಎಚ್ಚರ, ಯಂತ್ರಜ್ಞಾನ ಎಲ್ಲವನ್ನೂ ಒರೆಗೆ ಹಚ್ಚಲಿ. ಆದರೆ ಪರೀಕ್ಷೆಯ ಕೋಣೆಗೆ ಕಾಲಿಡುವ ಮೊದಲೇ ಫಲಿತಾಂಶ ಬರೆದಿಡುವುದು ಬೇಡ. ಅದರಿಂದ ಅರ್ಹತೆಗೇ ನಷ್ಟ.