ಹಳೆಯ ವ್ಯಾನಿನ ಪೆಟ್ರೋಲ್ ಪಂಪು
(ಪುಣೆಯ ಹೋಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಮಾತನ್ನು ನಾವು ಪ್ರತಿ ಸಭೆಯಲ್ಲಿಯೂ ಆಡುತ್ತೇವೆ. ಇಂದು ವ್ಯಾನಿನ ಒಂದು ಸಣ್ಣ ಭಾಗದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಮದುವೆ ಅಡಿಗೆಯ ಪಾತ್ರೆ, ಸಾಂಬಾರಿನ ಕೊಳಗ, ಗ್ಯಾಸ್ ಸಿಲಿಂಡರು ಹೇರಿಕೊಂಡು ಹಳೆಯ ಮಾರುತಿ ವ್ಯಾನು ಓಡಿಸುವವರು ನಮ್ಮಲ್ಲಿದ್ದೇವೆ. ಅದರ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಅಲ್ಲಿ ಪೆಟ್ರೋಲ್ ಸೋರಿದರೆ ಬೆಂಕಿಯ ಮೇಲೆ ಕುಳಿತವರು ನಾವು, ಧಣಿಗಳಲ್ಲ.

ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ, ಅದು ಮಾರುತಿಯಾಗಲಿ ಪ್ರೀಮಿಯರ್ ಪದ್ಮಿನಿಯಾಗಲಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವುದು ಎಂಜಿನ್ನಿಗೆ ಬಿಗಿದ ಚಿಕ್ಕ ಪಂಪು. ಅದರೊಳಗೆ ರಬ್ಬರಿನ ಪರದೆಯೊಂದಿದೆ; ಡಯಾಫ್ರಾಮ್ ಎನ್ನುತ್ತಾರೆ. ಎಂಜಿನ್ ತಿರುಗಿದಂತೆ ಒಂದು ಸನ್ನೆ ಅದನ್ನು ಎಳೆಯುತ್ತದೆ, ಸ್ಪ್ರಿಂಗು ಹಿಂದಕ್ಕೆ ತಳ್ಳುತ್ತದೆ. ಪರದೆ ಹಳತಾಗಿ ಬಿರಿದರೆ ಪೆಟ್ರೋಲ್ ಹೊರಗೆ ಸೋರಬಹುದು. ಇಲ್ಲವೆ ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳ್ಳಗೆ ಮಾಡಬಹುದು. ಆಯಿಲ್ ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಗಾಡಿ ನಿಲ್ಲಿಸತಕ್ಕದ್ದು.

ಈಗ ಇನ್ನೊಂದು ಕಾರಣವೂ ಸೇರಿದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಹಳೆಯ ಗಾಡಿಗಳ ಕೆಲವು ರಬ್ಬರು ಭಾಗ, ಗ್ಯಾಸ್ಕೆಟ್ಟುಗಳನ್ನು ಬೇಗನೆ ಬದಲಿಸಬೇಕಾಗಬಹುದೆಂದು 2025ರಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಆದುದರಿಂದ ನಾನಾ ಪೇಟೆಯ ಅಂಗಡಿಗೆ ಹೋದಾಗ ಪಂಪಿನ ಜೊತೆಗೆ ಎಥನಾಲ್ ತಡೆಯುವ ಪೈಪು ಮತ್ತು ಹೊಸ ಕ್ಲಿಪ್ಪುಗಳನ್ನೂ ಕೇಳಿ ತನ್ನಿರಿ.

ಬದಲಿಸುವ ಕ್ರಮ ಹೀಗೆ. ಸಿಲಿಂಡರುಗಳನ್ನು ಇಳಿಸಿ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಬೇಕು. ಅಡಿಗೆಮನೆಯ ಹಿತ್ತಿಲಲ್ಲಿ ಒಲೆಯ ಹತ್ತಿರ ಬೇಡವೇ ಬೇಡ. ಎಂಜಿನ್ ಪೂರ್ತಿ ತಣಿಯಲಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿರಿ. ಬೀಡಿ, ಸಿಗರೇಟು ದೂರವಿರಲಿ. ಯಾವ ಪೈಪು ಎಲ್ಲಿಗೆಂದು ಗುರುತು ಹಾಕಿ, ಟ್ಯಾಂಕಿನಿಂದ ಬರುವುದನ್ನು ಮುಚ್ಚಿ, ಸೋರುವ ಪೆಟ್ರೋಲನ್ನು ಡಬ್ಬಿಗೆ ಹಿಡಿಯಿರಿ. ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆದು ಅಷ್ಟೇ ದಪ್ಪದ್ದನ್ನು ಕೂರಿಸಿರಿ; ದಪ್ಪ ಬದಲಾದರೆ ಸನ್ನೆಯ ಎಳೆತವೂ ಬದಲಾಗುತ್ತದೆ. ಬೋಲ್ಟುಗಳನ್ನು ಸಮನಾಗಿ ಬಿಗಿಯಿರಿ. ಆಯಿಲಿಗೆ ಪೆಟ್ರೋಲ್ ಸೇರಿದ್ದರೆ ಆಯಿಲ್ ಬದಲಿಸದೆ ಎಂಜಿನ್ ಚಾಲೂ ಮಾಡಬೇಡಿರಿ. ಕೊನೆಗೆ ಟಾರ್ಚು ಹಿಡಿದು ಸೋರಿಕೆ ನೋಡಿರಿ. ಕೆಲಸ ತಿಳಿಯದವರು ತಿಳಿದ ಮೆಕ್ಯಾನಿಕನಿಂದಲೇ ಮಾಡಿಸಿರಿ.

ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುವ ರೂಢಿಯನ್ನು ಮಾತ್ರ ಇಂದೇ ಬಿಡಬೇಕು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿರಿ, ನೇರ ಆಸ್ಪತ್ರೆಗೆ ಒಯ್ಯಿರಿ. ಕ್ಲೀನರ್ ಹುಡುಗನಿಗೆ "ಎಳೆಯೋ" ಎಂದು ಹೇಳುವ ಹಿರಿಯರು ಅವನೂ ಊರಿನಲ್ಲಿ ತಾಯಿಯನ್ನು ಬಿಟ್ಟು ಬಂದವನೆಂಬುದನ್ನು ನೆನೆಯಬೇಕು.

ಇನ್ನು ಖರ್ಚಿನ ಮಾತು. ಸವೆದ ಪಂಪು ಚಾಲಕನ ತಪ್ಪಲ್ಲ. ನಿರ್ಲಕ್ಷ್ಯದಿಂದಾದ ನಷ್ಟಕ್ಕೂ ವಿವರಣೆ ಹೇಳಲು ಅವಕಾಶ ಕೊಡದೆ ಸಂಬಳ ಹಿಡಿಯಬಾರದೆಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಲ್ಲಿಯೇ ಇತ್ತು. ಹೀಗಿರುವಾಗ ಗಾಡಿ ಹಳತಾದುದಕ್ಕೆ ನಮ್ಮ ಕೂಲಿ ಮುರಿಯುವುದು ಯಾವ ನ್ಯಾಯ? ಸೋರಿಕೆ ಕಂಡ ದಿನವೇ ಚೀಟಿ ಬರೆದು ಧಣಿಗಳಿಗೆ ಕೊಡಿರಿ, ಪ್ರತಿಯೊಂದು ಸಂಘದಲ್ಲಿರಲಿ. ಪಂಪು ಬದಲಾಗುವವರೆಗೆ ಆ ಗಾಡಿ ಓಡಿಸೆವೆಂದು ಎಲ್ಲರೂ ಒಟ್ಟಾಗಿ ಹೇಳೋಣ. ಒಬ್ಬನೇ ಹೇಳಿದರೆ ಕೆಲಸ ಹೋದೀತು. ಎಲ್ಲರೂ ಹೇಳಿದರೆ ಪಂಪು ಬಂದೀತು.