ಬಾಯಿಯ ಶಸ್ತ್ರಕ್ರಿಯೆಯ ಅನಂತರ
(ಸಂಘದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಆಸ್ಪತ್ರೆ ನಿಮಗೆಲ್ಲ ಗೊತ್ತು. ಬಾಯಿಯ ಕ್ಯಾನ್ಸರ್ ತೆಗೆಯುವುದು ವೈದ್ಯರ ಕೆಲಸ. ಅನಂತರದ ಎಚ್ಚರದಲ್ಲಿ ನಮ್ಮ ಪಾಲೂ ಇದೆ.

ಗಡ್ಡೆ ತೆಗೆದ ಜಾಗಕ್ಕೆ ಮುಂಗೈಯ ಚರ್ಮವನ್ನೋ ತೊಡೆಯ ಮಾಂಸವನ್ನೋ, ದವಡೆ ಹೋಗಿದ್ದರೆ ಕಾಲಿನ ಮೂಳೆಯನ್ನೋ ತಂದು ಕಸಿ ಮಾಡುತ್ತಾರೆ. ಅದರ ಜೀವವೆಲ್ಲ ಎರಡು ಮೂರು ಮಿಲಿಮೀಟರ್ ದಪ್ಪದ ರಕ್ತನಾಳಗಳ ಹೊಲಿಗೆಯಲ್ಲಿದೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ, ನೂಲು ಹರಿದ ಮಗ್ಗದಂತೆ ಎಲ್ಲವೂ ನಿಲ್ಲುತ್ತದೆ. ಮೊದಲ ಮೂರು ದಿನ ದಾದಿಯರು ಮತ್ತೆ ಮತ್ತೆ ಕಸಿಯ ಬಣ್ಣ, ಬಿಸಿ ನೋಡುವುದು ಅದಕ್ಕೇ. ರೋಗಿ ಮಲಗಿದ್ದಾನೆಂದು ಅವರನ್ನು ತಡೆಯಬೇಡಿ. ಬೇಗ ಕಂಡರೆ ಮತ್ತೆ ಶಸ್ತ್ರಕ್ರಿಯೆ ಮಾಡಿ ಉಳಿಸಬಹುದು.

ನಿಕೋಟಿನ್ ರಕ್ತನಾಳವನ್ನು ಕುಗ್ಗಿಸುತ್ತದೆ; ಗಾಯ ಬೇಗ ಮಾಯುವುದಿಲ್ಲ. ರೋಗ ಗೊತ್ತಾದ ದಿನವೇ ಬೀಡಿ, ತಂಬಾಕು ಬಿಡಬೇಕು. ನೋಡಲು ಹೋದವರೂ ಒಯ್ಯಬಾರದು.

ಮೂಗಿನ ನಳಿಗೆಯಿಂದ ಆಹಾರ ಹೋಗುತ್ತಿರುವಾಗ ವೈದ್ಯರ ಅಪ್ಪಣೆಯಿಲ್ಲದೆ ಪ್ರೀತಿಗೆಂದು ಬಾಯಿಗೆ ಒಂದು ಗುಟುಕು ಚಹಾವನ್ನೂ ಹಾಕಬೇಡಿ. ಹೊಲಿಗೆ ಬಿಟ್ಟೀತು, ಚಹಾ ಶ್ವಾಸಕೋಶಕ್ಕೆ ಇಳಿದೀತು. ಮನೆಗೆ ಬಂದ ಮೇಲೆ ಜ್ವರ, ಕೀವು, ರಕ್ತಸ್ರಾವ, ಕುತ್ತಿಗೆಯಿಂದ ಜೊಲ್ಲು ಸೋರುವುದು ಕಂಡರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ.

ಕೆಲಸ ಹೋದೀತೆಂದು ಗಾಯ ಮಾಯುವ ಮೊದಲೇ ಒಲೆಯ ಮುಂದೆ ಬಂದು ನಿಲ್ಲುವವರಿದ್ದಾರೆ. ಅಂಥವನ ಪಾಳಿಯನ್ನು ನಾವು ಹಂಚಿಕೊಳ್ಳೋಣ. ಸಂಘವಿರುವುದು ಇದಕ್ಕೇ ಅಲ್ಲವೆ?